ಐಚ್ಛಿಕ ಕನ್ನಡ: ಹಳಗನ್ನಡ ಪದ್ಯ, ಪ್ರಸ್ತಾರ, ಕಥೆ ಬರೆಯುವುದು. ಮೂರಕ್ಕೂ ದಾರಿ ಹೇಳಿ

ತುಂಗೆಯ ದಂಡೆ ಕೇಳಿದ್ದು:

ಬಿಎ ಎರಡನೇ ಸೆಮಿಸ್ಟರ್, ಐಚ್ಛಿಕ ಕನ್ನಡ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಹಳಗನ್ನಡ. ಮೇಷ್ಟ್ರು ಸಾರಾಂಶ ಹೇಳುವಾಗ ಎಲ್ಲ ತಿಳಿದ ಹಾಗೇ ಇರುತ್ತೆ. ಓದಿಲ್ಲದ ಪದ್ಯ ಕೊಟ್ಟರೆ ಪದವನ್ನ ಎಲ್ಲಿ ಬಿಡಿಸಬೇಕು ಅನ್ನೋದೇ ಗೊತ್ತಾಗಲ್ಲ.

ಎರಡು, ಪ್ರಸ್ತಾರ, ಅಂದ್ರೆ ಪದ್ಯದ ಸಾಲಿಗೆ ಗುರು, ಲಘು ಗುರುತು ಹಾಕಿ ಗಣ ಬಿಡಿಸೋದು. ಒಂದು ಸಾಲು ಸರಿ ಬರುತ್ತೆ, ಮುಂದಿನ ಸಾಲಲ್ಲಿ ಅಕ್ಷರ ಹೆಚ್ಚಾಗುತ್ತೆ. ಉತ್ಪಲಮಾಲೆ ವೃತ್ತ ಅಂತ ಗೊತ್ತಿದ್ದ ಪದ್ಯದಲ್ಲೂ ಸಾಲಿಗೆ ಇಪ್ಪತ್ತರ ಬದಲು ಇಪ್ಪತ್ತೊಂದು ಬರುತ್ತೆ.

ಮೂರು, ಕಥೆ. ಕ್ಲಾಸಿನ ಐದು ಜನ ಸೇರಿ ಬರೆದದ್ದನ್ನ ಓದಿಕೊಳ್ಳೋ ಗುಂಪು ಮಾಡಿದ್ದೇವೆ. ಎಲ್ಲರೂ ಎಲ್ಲರಿಗೂ "ಚೆನ್ನಾಗಿದೆ" ಅಂತಾರೆ, ಅಲ್ಲಿಗೆ ಮುಗೀತು. ಇದನ್ನ ಹೇಗೆ ನಡೆಸಬೇಕು? ಕಥೆ ಬರೆಯೋನಿಗೆ ಪಂಪ, ಕುಮಾರವ್ಯಾಸರಿಂದ ಏನಾದರೂ ಸಿಗುತ್ತಾ, ಅಥವಾ ಅದು ಅಂಕಕ್ಕೆ ಮಾತ್ರವಾ? ನೇರವಾಗಿ ಹೇಳಿ.

---

ಓಲೆಗರಿ:

ನಿಮ್ಮ ಮೊದಲನೆಯ ಮತ್ತು ಎರಡನೆಯ ತೊಂದರೆ ಬೇರೆ ಬೇರೆ ಅಲ್ಲ. ಎರಡರ ಬೇರೂ ಸಂಧಿಯಲ್ಲಿದೆ. ಎಲ್ಲರಿಗೂ ಗೊತ್ತಿರುವ ಪದ್ಯವನ್ನೇ ತೆಗೆದುಕೊಳ್ಳೋಣ, ಪಂಪಭಾರತದ ನಾಲ್ಕನೇ ಆಶ್ವಾಸದ್ದು (ಅಧ್ಯಾಯದ್ದು):

ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗ-
ಳ್ಗಾಗರಮಾದ ಮಾನಸರೆ ಮಾನಸರಂತವರಾಗಿ ಪುಟ್ಟಲೇ-
ನಾಗಿಯುಮೇನೊ ತೀರ್ದಪುದೆ ತೀರದೊಡಂ ಮಱಿದುಂಬಿಯಾಗಿ ಮೇಣ್
ಕೋಗಿಲೆಯಾಗಿ ಪುಟ್ಟುವುದು ನಂದನದೊಳ್ ಬನವಾಸಿದೇಶದೊಳ್

ಮೊದಲು ಅರ್ಥದ ಗೊಡವೆಗೇ ಹೋಗದೆ ಎರಡು ಸಲ ಗಟ್ಟಿಯಾಗಿ ಓದಿ. ಸಾಲು ಮುಗಿದಲ್ಲಿ ನಿಲ್ಲಬೇಡಿ. ಇಲ್ಲಿ "ಇಂಪುಗಳ್ಗೆ + ಆಗರಮಾದ" ಎಂಬುದು ಮೊದಲ ಸಾಲಿನ ಕೊನೆಯಲ್ಲಿ ಒಡೆದು ಎರಡನೇ ಸಾಲಿಗೆ ದಾಟಿದೆ, "ಪುಟ್ಟಲ್ + ಏನಾಗಿಯುಂ" ಎರಡರಿಂದ ಮೂರಕ್ಕೆ ದಾಟಿದೆ. ಸಾಲಿನ ಕೊನೆಯನ್ನು ಪದದ ಕೊನೆ ಎಂದು ತಿಳಿದವರು ಇಲ್ಲೇ ಎಡವುತ್ತಾರೆ. ಪಂಪನಿಗೆ ಸಾಲು ಲಯದ ಅಳತೆ ಮಾತ್ರ, ವಾಕ್ಯದ ಅಳತೆ ಅಲ್ಲ.

ಆಮೇಲೆ ಕ್ರಿಯಾಪದ ಹುಡುಕಿ, ಕರ್ತೃ ಅಲ್ಲ. ಇಲ್ಲಿ ಸಿಗುವುದು "ತೀರ್ದಪುದೆ" ಮತ್ತು "ಪುಟ್ಟುವುದು". "ದಪ" ಕಂಡರೆ ವರ್ತಮಾನ ಕಾಲ, ಕೊನೆಯ "ಎ" ಪ್ರಶ್ನೆ: ಸಾಧ್ಯವಾಗುತ್ತದೆಯೇ? ಕ್ರಿಯಾಪದ ಕೈಗೆ ಸಿಕ್ಕಮೇಲೆ ಯಾರು, ಏನು, ಎಲ್ಲಿ ಎಂದು ಅದನ್ನೇ ಕೇಳುತ್ತ ಹಿಂದಕ್ಕೆ ಬನ್ನಿ. ಪುಟ್ಟುವುದು ಎಲ್ಲಿ? ಬನವಾಸಿದೇಶದೊಳ್. ಏನಾಗಿ? ಮಱಿದುಂಬಿಯಾಗಿ ಮೇಣ್ (ಅಥವಾ) ಕೋಗಿಲೆಯಾಗಿ. ಯಾವಾಗ? ತೀರದೊಡಂ, ಅಂದರೆ ಅಂಥ ಮನುಷ್ಯರಾಗಿ ಹುಟ್ಟಲು ಆಗದೇ ಹೋದರೂ. ಎಂಥ ಮನುಷ್ಯರು? ಇಷ್ಟು ಹೊತ್ತಿಗೆ ಮೊದಲ ಸಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪದಗಳ ಮಟ್ಟದಲ್ಲಿ ನಾಲ್ಕು ಬೀಗದ ಕೈ ಸಾಕು. ಪದದ ಮೊದಲ "ಪ"ವನ್ನು "ಹ" ಮಾಡಿ ನೋಡಿ (ಪುಟ್ಟು, ಹುಟ್ಟು). ಱ ಇದ್ದಲ್ಲಿ ರ, ೞ ಇದ್ದಲ್ಲಿ ಳ ಹಾಕಿ. ವ್ಯಂಜನದಿಂದ ಮುಗಿದ ಪದಕ್ಕೆ ಉಕಾರ ಸೇರಿಸಿ. ಅಪರಿಚಿತವೆನಿಸಿದ್ದು ತದ್ಭವ (ಸಂಸ್ಕೃತದಿಂದ ರೂಪ ಬದಲಾಗಿ ಬಂದ ಪದ) ಇರಬಹುದೇ ಎಂದು ಕೇಳಿಕೊಳ್ಳಿ: ಚಾಗ ತ್ಯಾಗ, ಅಕ್ಕರ ಅಕ್ಷರ, ಗೊಟ್ಟಿ ಗೋಷ್ಠಿ. ಇಷ್ಟಾದ ಮೇಲೂ ಉಳಿಯುವ "ಅಲಂಪು" (ಸಂತೋಷ) ತರಹದ ಪದಗಳಿಗೆ ಮಾತ್ರ ನಿಘಂಟು ತೆಗೆಯಿರಿ. ಪ್ರತಿ ಪದಕ್ಕೂ ನಿಘಂಟು ತೆರೆದರೆ ಒಂದು ಆಶ್ವಾಸಕ್ಕೆ ಒಂದು ವರ್ಷ ಹಿಡಿದೀತು.

ಈಗ ನಿಮ್ಮ ಇಪ್ಪತ್ತೊಂದರ ಗುಟ್ಟು. ಮೊದಲ ಸಾಲಿನ ಪ್ರಸ್ತಾರ (– ಗುರು, ∪ ಲಘು, ಮೂರು ಅಕ್ಷರಕ್ಕೆ ಒಂದು ಗಣ, ಕೊನೆಗೆ ಉಳಿಯುವ ಲ, ಗ ಅಂದರೆ ಲಘು, ಗುರು):

ಚಾಗದ | ಭೋಗದಕ್ | ಕರದ | ಗೇಯದ | ಗೊಟ್ಟಿಯ | ಲಂಪಿನಿಂ | ಪು | ಗಳ್
– ∪ ∪ | – ∪ – | ∪ ∪ ∪ | – ∪ ∪ | – ∪ ∪ | – ∪ – | ∪ | –
ಭ, ರ, ನ, ಭ, ಭ, ರ, ಲ, ಗ. ಒಟ್ಟು 20.

ಕೆಲವು ಪಠ್ಯಗಳಲ್ಲಿ, ಎಲ್ಲಾ ನೋಟ್ಸುಗಳಲ್ಲಿ, ಓದಲು ಸುಲಭವಾಗಲೆಂದು "ಭೋಗದ ಅಕ್ಕರದ" ಎಂದು ಬಿಡಿಸಿ ಬರೆದಿರುತ್ತಾರೆ. ಆ ಬಿಡಿಸಿದ ಪಾಠದ ಮೇಲೆ ಪ್ರಸ್ತಾರ ಹಾಕಿದರೆ "ಅ" ಒಂದು ಹೆಚ್ಚಿಗೆ ಸೇರಿ 21 ಆಗುತ್ತದೆ. 21 ಅಂದಕೂಡಲೇ ಚಂಪಕಮಾಲೆ ಎಂದು ಬರೆದು ಬರುವವರೂ ಇದ್ದಾರೆ. ಬಿಡಿಸಿ ಓದುವುದು ಅರ್ಥಕ್ಕೆ, ಕೂಡಿಸಿ ಓದುವುದು ಪ್ರಸ್ತಾರಕ್ಕೆ. ನೋಟ್ ಪುಸ್ತಕದಲ್ಲಿ ಎಡಪುಟಕ್ಕೆ ಸಂಧಿ ಸಹಿತ ಮೂಲ, ಬಲಪುಟಕ್ಕೆ ಬಿಡಿಸಿದ ಅನ್ವಯ ಬರೆದುಕೊಳ್ಳಿ, ಎರಡೂ ಬೆರೆಯುವುದಿಲ್ಲ.

ಇನ್ನೊಂದು ತಪ್ಪು ಎಲ್ಲ ಉತ್ತರಪತ್ರಿಕೆಗಳಲ್ಲೂ ಇರುತ್ತದೆ: ಒತ್ತಕ್ಷರವನ್ನೇ ಗುರು ಮಾಡುವುದು. ಒತ್ತಕ್ಷರ ಗುರು ಮಾಡುವುದು ತನ್ನ *ಹಿಂದಿನ* ಅಕ್ಷರವನ್ನು. "ಗೊಟ್ಟಿಯ"ದಲ್ಲಿ "ಗೊ" ಗುರು, "ಟ್ಟಿ" ಲಘು.

ಆರು ಖ್ಯಾತ ಕರ್ಣಾಟಕ ವೃತ್ತಗಳನ್ನು ಆರು ಬೇರೆ ಬೇರೆ ಪಟ್ಟಿಯಾಗಿ ಬಾಯಿಪಾಠ ಮಾಡಬೇಡಿ. ಅವು ಮೂರು ಜೋಡಿ. ಉತ್ಪಲಮಾಲೆಯ (20) ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಚಂಪಕಮಾಲೆ (21). ಶಾರ್ದೂಲವಿಕ್ರೀಡಿತ (19) ಹಾಗೇ ಒಡೆದರೆ ಮತ್ತೇಭವಿಕ್ರೀಡಿತ (20). ಸ್ರಗ್ಧರೆ (21) ಒಡೆದರೆ ಮಹಾಸ್ರಗ್ಧರೆ (22). ಅಂದಮೇಲೆ ಪದ್ಯ ಕೊಟ್ಟಾಗ ಮೊದಲು ನೋಡಬೇಕಾದದ್ದು ಸಾಲಿನ ಆರಂಭ. ಒಂದು ಗುರುವೋ, ಎರಡು ಲಘುವೋ? ಆಮೇಲೆ ಅಕ್ಷರ ಎಣಿಸಿ. ಅರ್ಧ ಪ್ರಸ್ತಾರದಲ್ಲೇ ಹೆಸರು ಸಿಕ್ಕಿರುತ್ತದೆ.

---

ಭಾಮಿನಿ:

ಓಲೆಗರಿಯವರು ಅಕ್ಷರಗಣ ಹೇಳಿದರು, ಮಾತ್ರಾಗಣ ನಾನು ಹೇಳ್ತೀನಿ. ಇಲ್ಲಿ ಎಣಿಸೋದು ಅಕ್ಷರ ಅಲ್ಲ, ಮಾತ್ರೆ: ಲಘುವಿಗೆ ಒಂದು, ಗುರುವಿಗೆ ಎರಡು.

ಕಂದಪದ್ಯಕ್ಕೆ ಬೇರೆ ಉದಾಹರಣೆ ಹುಡುಕಬೇಡಿ, ಗಣಗಳನ್ನು ನೆನಪಿಡಲು ಬಾಯಿಪಾಠ ಮಾಡಿಸ್ತಾರಲ್ಲ, "ಗುರುಲಘು ಮೂಱಿರೆ ಮನಗಣ, ಗುರುಲಘು ಮೊದಲಲ್ಲಿ ಬರಲು ಭಯಗಣಮೆಂಬರ್", ಅದೇ ಒಂದು ಕಂದ. ನಾಲ್ಕು ಮಾತ್ರೆಯ ಗಣ ಮೊದಲ ಸಾಲಿನಲ್ಲಿ ಮೂರು, ಎರಡನೆಯದರಲ್ಲಿ ಐದು. ಎರಡನೇ ಸಾಲು ಬಿಡಿಸಿ: ಗುರುಲಘು | ಮೊದಲಲ್ | ಲಿಬರಲು | ಭಯಗಣ | ಮೆಂಬರ್. ನಡುವಿನ ಗಣ, ಅಂದರೆ ಪೂರ್ವಾರ್ಧದ ಆರನೆಯದು, ಜಗಣ (∪ – ∪) ಇರಬೇಕು ಇಲ್ಲವೇ ನಾಲ್ಕೂ ಲಘು ಇರಬೇಕು. ಇಲ್ಲಿ ನಾಲ್ಕೂ ಲಘು. ಬೆಸ ಸಂಖ್ಯೆಯ ಗಣದಲ್ಲಿ ಜಗಣ ಬರಬಾರದು. ಕೊನೆಯಲ್ಲಿ ಗುರು. ಎಲ್ಲ ಲಕ್ಷಣವೂ ಒಂದೇ ಕಡೆ ಸಿಕ್ಕಿತು, ಪರೀಕ್ಷೆ ಹಾಲ್‌ನಲ್ಲೂ ಮರೆಯಲ್ಲ.

ಭಾಮಿನಿ ಷಟ್ಪದಿ: 1, 2, 4, 5ನೇ ಸಾಲು 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲು 3+4+3+4+3+4, ಮೇಲೊಂದು ಗುರು, ಒಟ್ಟು 23. ಕುಮಾರವ್ಯಾಸನ ನಾಂದಿ ಪದ್ಯದ ಕೊನೆಯ ಸಾಲು ನೋಡಿ:

ಕಾವು | ದಾನತ | ಜನವ | ಗದುಗಿನ | ವೀರ | ನಾರಯ | ಣ

"ನಾರಾಯಣ" ಅಂತ ಪೂರ್ತಿ ಬರೆದರೆ ಆರನೇ ಗಣ "ನಾರಾಯ" ಐದು ಮಾತ್ರೆ ಆಗಿ ಕೂತುಬಿಡುತ್ತೆ. ಅದಕ್ಕೇ "ನಾರಯಣ". ಅಚ್ಚಿನ ತಪ್ಪು ಅಂತ ತಿದ್ದಿಕೊಂಡು ಓದೋರು, ಆಮೇಲೆ ಮಾತ್ರೆ ಹೆಚ್ಚಾಯ್ತು ಅನ್ನೋರು ಇದ್ದಾರೆ. ಕೊನೆಯ "ಣ" ಬರವಣಿಗೆಯಲ್ಲಿ ಲಘು, ಆದರೆ 3 ಮತ್ತು 6ನೇ ಸಾಲಿನ ಕೊನೆಯಲ್ಲಿ ಅದನ್ನ ಗುರು ಅಂತಲೇ ಎಣಿಸಬೇಕು.

ಅದೇ ಪದ್ಯದ ನಾಲ್ಕನೇ ಸಾಲು "ರಾವಣಾಸುರಮಥನ ಶ್ರವಣ ಸು". ನಿಯಮದ ಪ್ರಕಾರ "ಶ್ರ" ಹಿಂದಿನ "ನ"ವನ್ನ ಗುರು ಮಾಡಬೇಕು, ಮಾಡಿದರೆ 15. ಇಲ್ಲಿ ಮುಂದಿನ ಪದದ ಮೊದಲ ಒತ್ತಕ್ಷರವನ್ನ ತೇಲಿಸಿ ಹೇಳ್ತೀವಿ, ಆದ್ದರಿಂದ "ನ" ಲಘುವಾಗೇ ಉಳಿಯುತ್ತೆ. ಗಮಕಿಗಳು (ಕಾವ್ಯವನ್ನ ರಾಗವಾಗಿ ಓದೋರು) ಓದೋದನ್ನ ಕೇಳಿ, ಕಿವಿಗೆ ತಾನೇ ಗೊತ್ತಾಗುತ್ತೆ.

ಪ್ರಸ್ತಾರ ನಿಜವಾಗಿ ಬರಬೇಕು ಅಂದ್ರೆ ಅರ್ಧ ಷಟ್ಪದಿ ನೀವೇ ಬರೀರಿ. ವಿಷಯ ಏನಾದರೂ ಆಗಲಿ. ಇಲ್ಲಿ ಹಾಕಿ, ತಿದ್ದೋಣ.

---

ತುಂಗೆಯ ದಂಡೆ:

ತುಂಬಾ ಉಪಕಾರ ಆಯ್ತು. ಇಗೋ ಮೂರು ಸಾಲು, ನಗಬೇಡಿ:

ಮಳೆಯು ಸುರಿಯಿತು ಬೆಳಗಿನಿಂದಲೆ
ಹಳೆಯ ಬಸ್ಸಿನ ಕಿಟಕಿ ಮುರಿದಿದೆ
ಗೆಳೆಯ ನೆನೆಯುತ ಕುಳಿತ ಪುಸ್ತಕವ ಹಿಡಿದುಕೊಂಡು

---

ಭಾಮಿನಿ:

ಮೊದಲೆರಡು ಸಾಲು ಕೂದಲೆಳೆಯಷ್ಟೂ ತಪ್ಪಿಲ್ಲ. ಆದಿಪ್ರಾಸವೂ (ಸಾಲಿನ ಎರಡನೇ ಅಕ್ಷರದ ವ್ಯಂಜನ, ಇಲ್ಲಿ ಳ) ಮೂರು ಸಾಲಿಗೂ ಸರಿ ಇದೆ. ಮೂರನೆಯದನ್ನ ಬಿಡಿಸಿ: ಗೆಳೆಯ | ನೆನೆಯುತ | ಕುಳಿತ | ಪುಸ್ತಕ | ವಹಿಡಿ | ದುಕೊಂಡು. 21 ಮಾತ್ರೆ ಆಯ್ತು, ಕೊನೆಯ ಗುರು ಎಲ್ಲಿ? ಅದಿಲ್ಲದೆ ಹಾಡಿದರೆ ಸಾಲು ಗಾಳಿಯಲ್ಲಿ ನಿಂತುಬಿಡುತ್ತೆ. ಎರಡನೇ ದೋಷ "ದುಕೊಂಡು": ಲಘುವಿನ ಮೇಲೆ ಗುರು ಬಂದು ಗಣ ಶುರುವಾಗಿದೆ, ನಡೆ ಅಲ್ಲಿ ಮುಗ್ಗರಿಸುತ್ತೆ. ಲೆಕ್ಕಕ್ಕೆ ನಾಲ್ಕು ಮಾತ್ರೆ ಇದ್ದರೂ ಷಟ್ಪದಿಯಲ್ಲಿ ಅದು ಸಲ್ಲದು. ಹೀಗೆ ಮಾಡಿ ನೋಡಿ:

ಗೆಳೆಯ | ನೆನೆಯುತ | ಕುಳಿತ | ಪುಸ್ತಕ | ಮಡಿಲೊ | ಳಿರಿಸುತ್ | ತ

ಲೆಕ್ಕ ಬಿಟ್ಟು ಒಂದು ಮಾತು. "ಮಳೆಯು" ಅನ್ನೋದರಲ್ಲಿ "ಯು" ಬಂದಿರೋದು ಮಾತ್ರೆ ತುಂಬಿಸೋಕೆ. "ಇಂದಲೆ"ಯ "ಎ" ಕೂಡ. ಆರಂಭದಲ್ಲಿ ಎಲ್ಲರೂ ಹೀಗೆ ಗೋಣಿ ತುಂಬ್ತಾರೆ, ಪರವಾಗಿಲ್ಲ. ತುಂಬಿದ್ದು ಎಲ್ಲಿ ಅಂತ ಗುರುತಿಸೋಕೆ ಬಂದರೆ ಸಾಕು, ಹತ್ತು ಪದ್ಯ ಆಗೋ ಹೊತ್ತಿಗೆ ಕಮ್ಮಿ ಆಗುತ್ತೆ.

---

ಕರಡು ತಿದ್ದುವವ:

ಕಥೆಯ ಗುಂಪಿನ ವಿಚಾರಕ್ಕೆ ಬರುತ್ತೇನೆ. ಐದು ಜನ ಅಂದರೆ ಹೇಳಿಮಾಡಿಸಿದ ಸಂಖ್ಯೆ, ಎಂಟು ದಾಟಿದರೆ ಅದು ಸಭೆ. "ಚೆನ್ನಾಗಿದೆ" ಬರುವುದಕ್ಕೆ ಕಾರಣ ಸಂಕೋಚ ಮಾತ್ರ ಅಲ್ಲ. ಅಲ್ಲೇ ಮೊದಲ ಸಲ ಕೇಳಿಸಿಕೊಂಡವರಿಗೆ ಹೇಳಲು ಬೇರೇನೂ ಇರುವುದಿಲ್ಲ. ಕಥೆಯನ್ನು ಎರಡು ದಿನ ಮುಂಚೆ ಎಲ್ಲರ ಕೈಗೂ ಕೊಡಿ, ಮುದ್ರಿಸಿದ ಪ್ರತಿ, ಸಾಲಿನ ನಡುವೆ ಜಾಗ ಬಿಟ್ಟು. ಒಂದು ಕೂಟಕ್ಕೆ ಒಂದೇ ಕಥೆ, 1500 ಪದ ಮೀರದಂತೆ. ಕೂತಾಗ ಮೊದಲ ಪುಟವನ್ನು ಬರೆದವರಲ್ಲದೆ ಬೇರೊಬ್ಬರು ಗಟ್ಟಿಯಾಗಿ ಓದಬೇಕು. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ಕೆಟ್ಟಿದೆ ಎಂದು ಬರೆದವರು ಗುರುತು ಹಾಕಿಕೊಳ್ಳಲಿ. ಚರ್ಚೆ ಮುಗಿಯುವ ತನಕ ಬರೆದವರು ಬಾಯಿ ತೆರೆಯುವಂತಿಲ್ಲ. "ನಾನು ಹೇಳಹೊರಟಿದ್ದು..." ಎಂದು ಶುರುಮಾಡಿದರೆ ಕಥೆಯ ಬದಲು ವಿವರಣೆಯ ಮೇಲೆ ಚರ್ಚೆ ತಿರುಗುತ್ತದೆ. ಓದಿದವರೆಲ್ಲ ಮೂರಕ್ಕೆ ಉತ್ತರ ಕೊಡಲಿ: ಕಥೆ ಯಾರದು? ಯಾವ ಸಾಲಿನಲ್ಲಿ ಆಸಕ್ತಿ ಹೋಯಿತು? ಯಾವ ಪ್ಯಾರಾ ತೆಗೆದರೂ ನಷ್ಟವಿಲ್ಲ? ಪರಿಹಾರ ಸೂಚಿಸುವುದು ಬೇಡ. "ಕೊನೆಗೆ ಅವಳನ್ನು ಊರಿಗೆ ಕಳಿಸಿ" ಎಂದು ಇನ್ನೊಬ್ಬರು ಹೇಳಿದರೆ ಅದು ಅವರ ಕಥೆ.

ಪತ್ರಿಕೆಗಳಿಗೆ ಬರುವ ವಿದ್ಯಾರ್ಥಿ ಕಥೆಗಳಲ್ಲಿ ಪದೇ ಪದೇ ಕಾಣುವ ದೋಷಗಳು ಕೆಲವೇ. ನಿರೂಪಣೆ ಒಬ್ಬರ ಕಣ್ಣಿನಿಂದ ಶುರುವಾಗಿ ಮಧ್ಯೆ, ಅರಿವಿಲ್ಲದೆ, ಇನ್ನೊಬ್ಬರ ಮನಸ್ಸಿನೊಳಕ್ಕೆ ಜಿಗಿಯುತ್ತದೆ. ಮೊದಲ ಪುಟವೆಲ್ಲ ಊರಿನ ವರ್ಣನೆ, ಮನೆತನದ ಹಿನ್ನೆಲೆ. ಕಥೆ ಎರಡನೇ ಪುಟದ ಕೊನೆಗೆ ಶುರು. ಹೀಗಿದ್ದರೆ ಮೊದಲ ಪುಟ ಕಿತ್ತು ನೋಡಿ, ಹತ್ತರಲ್ಲಿ ಎಂಟು ಸಲ ಏನೂ ಕಳೆದುಹೋಗಿರುವುದಿಲ್ಲ. ಆಡುಮಾತಿನದ್ದು ಇನ್ನೊಂದು ಗೋಜಲು: ಧಾರವಾಡದ ಕಡೆಯ ಪಾತ್ರ ಒಂದು ಸಾಲಿನಲ್ಲಿ "ಬರಾಕತ್ತೇನಿ" ಅಂದು ಮುಂದಿನ ಸಾಲಿನಲ್ಲಿ "ಬರ್ತಾ ಇದ್ದೀನಿ" ಅನ್ನುತ್ತದೆ. ಸಂಭಾಷಣೆಯನ್ನಷ್ಟೇ ಬೇರೆ ಹಾಳೆಗೆ ಎತ್ತಿ ಬರೆದು, ಆ ಸೀಮೆಯವರೊಬ್ಬರಿಗೆ ಓದಿಸಿ.

ದೊಡ್ಡ ದೋಷ ಭಾವವನ್ನು ಹೆಸರಿಟ್ಟು ಕರೆಯುವುದು. "ಅಪ್ಪ ತೀರಿಕೊಂಡ ಮೇಲೆ ಅವಳಿಗೆ ತಡೆಯಲಾರದ ದುಃಖವಾಯಿತು, ಮನೆಯೆಲ್ಲ ಬಿಕೋ ಎನ್ನುತ್ತಿತ್ತು." ಇದು ಮಾಹಿತಿ. "ನೆಂಟರೆಲ್ಲ ಹೊರಟ ಮೇಲೆ ಅವಳು ಅಡುಗೆಗೆ ಎರಡು ಪಾವು ಅಕ್ಕಿ ಅಳೆದಳು. ಒಂದಷ್ಟು ಹೊತ್ತು ನಿಂತು, ಅರ್ಧ ಪಾವು ಮತ್ತೆ ಡಬ್ಬಕ್ಕೆ ಸುರಿದಳು." ಇಲ್ಲಿ ದುಃಖ ಎಂಬ ಪದವಿಲ್ಲ, ಆದರೆ ಓದುಗನಿಗೆ ತಲುಪುತ್ತದೆ.

ಹಳೆಯದರಿಂದ ಏನು ಸಿಗುತ್ತದೆ ಎಂದು ಕೇಳಿದಿರಲ್ಲ, ಮೊದಲು ಸಿಗುವುದು ಇದೇ. ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ಆನಂದವರ್ಧನನ ಧ್ವನಿ ಅಂತ ಐದು ಅಂಕಕ್ಕೆ ಓದುತ್ತೀರಿ: ರಸ ವಾಚ್ಯವಾಗಲಾರದು, ಸೂಚ್ಯವಾಗಬೇಕು. ಒಂಬತ್ತನೇ ಶತಮಾನದ ಮಾತು, ನಿಮ್ಮ ಮುಂದಿನ ಕರಡಿಗೆ ಹಾಗೇ ಅನ್ವಯಿಸುತ್ತದೆ. ಕ್ಷೇಮೇಂದ್ರನ ಔಚಿತ್ಯವನ್ನೂ ಹೀಗೇ ಬಳಸಿ. ಕೂಲಿ ಹೆಂಗಸಿನ ಬಾಯಲ್ಲಿ ಪ್ರಬಂಧದ ಕನ್ನಡ ಬಂದರೆ ಅದು ಅನೌಚಿತ್ಯ, ಬೇರೆ ಪಾರಿಭಾಷಿಕ ಬೇಕಿಲ್ಲ. ಗದ್ಯಕ್ಕೆ ವಡ್ಡಾರಾಧನೆ ಓದಿ, ಹತ್ತೊಂಬತ್ತು ಕಥೆಗಳಲ್ಲಿ ಒಂದೆರಡನ್ನಾದರೂ ಪೂರ್ತಿಯಾಗಿ. ಸಾರಾಂಶ ಓದಿದರೆ ಕಥೆ ಸಿಗುತ್ತದೆ, ಹೇಳುವ ರೀತಿ ಸಿಗುವುದಿಲ್ಲ.

---

ಶಾಲ್ಮಲೆ:

ಮೇಲಿನವರ ಮಾತೆಲ್ಲ ಒಪ್ಪತಕ್ಕದ್ದೇ, ಒಂದು ಬಿಟ್ಟು. ಮೀಮಾಂಸೆಯನ್ನು ಕರಡು ಬರೆಯುವ ಹೊತ್ತಿನಲ್ಲಿ ತಲೆಗೆ ತಂದುಕೊಳ್ಳಬೇಡಿ, ಕೈ ಕಟ್ಟಿಹಾಕಿದಂತಾಗುತ್ತದೆ. ಅದು ತಿದ್ದುವಾಗಿನ ಕನ್ನಡಕ. ಮೊದಲ ಕರಡು ಕೆಟ್ಟದಾಗಿಯೇ ಬರಲಿ, ಮುಗಿಯುವುದು ಮುಖ್ಯ.

ಎಂಎ ಯೋಚನೆ ಇದ್ದರೆ ಈಗಲೇ ಒಂದಿಷ್ಟು ತಿಳಿದಿರಲಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂಎಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ರಾಜ್ಯಮಟ್ಟದ್ದು) ಬೇಕು. ಪರಿಶಿಷ್ಟರಿಗೆ ಅಂಕದಲ್ಲಿ ಸಡಿಲಿಕೆ ಇದೆ. ನೆಟ್‌ನಲ್ಲಿ ಕನ್ನಡದ ವಿಷಯ ಸಂಕೇತ 11. ಮೊದಲ ಪತ್ರಿಕೆ 50 ಪ್ರಶ್ನೆ, ವಿಷಯದ ಪತ್ರಿಕೆ 100 ಪ್ರಶ್ನೆ, ಎರಡೂ ಸೇರಿ ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಛಂದಸ್ಸು, ವ್ಯಾಕರಣ, ಮೀಮಾಂಸೆ ಇಲ್ಲಿ ಮತ್ತೆ ಬರುತ್ತವೆ. ಬಿಎಯಲ್ಲಿ ಗೈಡು ನೆಚ್ಚಿದವರು ಆಗ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಪರೀಕ್ಷೆಯ ಬಗ್ಗೆ: ಹತ್ತು ಅಂಕದ ಪ್ರಶ್ನೆಗೆ ಮೂರು ಪುಟ ಕಥಾಸಾರ ಬರೆದು ಕೊನೆಯ ನಾಲ್ಕು ಸಾಲಿನಲ್ಲಿ "ಹೀಗೆ ಕವಿ ಮನೋಜ್ಞವಾಗಿ ಚಿತ್ರಿಸಿದ್ದಾನೆ" ಎಂದು ಮುಗಿಸುವುದು ಬಿಡಿ. ಸಾರ ಅರ್ಧ ಪುಟ ಸಾಕು. ಪದ್ಯದ ಎರಡು ಮೂರು ಸಾಲು ಉದ್ಧರಿಸಿ, ಅದರಲ್ಲಿ ಯಾವ ಪದ ಏನು ಕೆಲಸ ಮಾಡುತ್ತಿದೆ ಎಂದು ಹೇಳಿ. ತಪ್ಪಾಗಿ ಉದ್ಧರಿಸುವುದಕ್ಕಿಂತ ಒಂದೇ ಸಾಲನ್ನು ಸರಿಯಾಗಿ ಉದ್ಧರಿಸುವುದು ಮೇಲು.

ನಿಘಂಟು ಕೊಳ್ಳಬೇಡಿ, ಗ್ರಂಥಾಲಯದಲ್ಲಿ ಕೇಳಿ. ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ, ಪ್ರಯೋಗಗಳ ಸಮೇತ ಅರ್ಥ ಕೊಡುತ್ತದೆ. 1894ರ ಕಿಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಪಂಪನಿಗೆ ಡಿ.ಎಲ್. ನರಸಿಂಹಾಚಾರ್ಯರ ವ್ಯಾಖ್ಯಾನ "ಪಂಪಭಾರತ ದೀಪಿಕೆ" ಪಕ್ಕದಲ್ಲಿದ್ದರೆ ಮೇಷ್ಟ್ರು ಪಕ್ಕದಲ್ಲಿ ಕೂತ ಹಾಗೆ.

---

ತುಂಗೆಯ ದಂಡೆ:

ಎಲ್ಲರಿಗೂ ವಂದನೆ. ಎಡಪುಟ ಬಲಪುಟದ ಕ್ರಮ ಇವತ್ತಿನಿಂದಲೇ ಶುರು. ಒಂದೇ ಒಂದು ಕೊನೆಯ ಪ್ರಶ್ನೆ: ಕಥೆಯನ್ನ ಪತ್ರಿಕೆಗೆ ಕಳಿಸುವಾಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಸಾಕಾ? ಎರಡು ಕಡೆ ಒಟ್ಟಿಗೆ ಕಳಿಸಬಹುದಾ?

---

ಕರಡು ತಿದ್ದುವವ:

ನುಡಿಯಲ್ಲೇ ಟೈಪ್ ಮಾಡಿ, ಆದರೆ ಯೂನಿಕೋಡ್ ಆಯ್ಕೆ ಇಟ್ಟುಕೊಂಡು. ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಬರೀ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಪರಿವರ್ತಕದಲ್ಲಿ ಬದಲಾಯಿಸಿದ್ದಾದರೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಿ, ಅಲ್ಲೇ ಹೆಚ್ಚು ಕೆಡುವುದು. ವರ್ಡ್ ಕಡತದ ಜೊತೆಗೆ ಪಿಡಿಎಫ್ ಕೂಡ ಲಗತ್ತಿಸಿ, ಅಕ್ಷರ ಕದಲಿದರೆ ಹೋಲಿಸಿಕೊಳ್ಳಲು ಆಗುತ್ತದೆ. ಹೆಸರು, ವಿಳಾಸ, ದೂರವಾಣಿ ಮೊದಲ ಪುಟದಲ್ಲಿ. ಸ್ಪರ್ಧೆಗಾದರೆ ತದ್ವಿರುದ್ಧ: ಸಾಮಾನ್ಯವಾಗಿ ಕಥೆಯ ಹಾಳೆಯಲ್ಲಿ ಹೆಸರು ಎಲ್ಲೂ ಇರಬಾರದು, ಬೇರೆ ಹಾಳೆಯಲ್ಲಿ ಬರೆಯಬೇಕು. ಪ್ರಕಟಣೆಯ ನಿಯಮ ಒಮ್ಮೆ ನೋಡಿಕೊಂಡೇ ಕಳಿಸಿ.

ಎರಡು ಕಡೆ ಒಟ್ಟಿಗೆ ಬೇಡ. ಎರಡೂ ಕಡೆ ಒಂದೇ ತಿಂಗಳು ಅಚ್ಚಾದರೆ ಎರಡು ಬಾಗಿಲೂ ಮುಚ್ಚುತ್ತವೆ. ಮೂರು ತಿಂಗಳು ಕಾದು, ಉತ್ತರ ಬರದಿದ್ದರೆ "ಕಥೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ" ಎಂದು ಒಂದು ಸಾಲಿನ ಮಿಂಚಂಚೆ ಹಾಕಿ ಇನ್ನೊಂದು ಕಡೆ ಕಳಿಸಿ. ಫೇಸ್‌ಬುಕ್ಕಿನಲ್ಲಿ ಪೂರ್ತಿ ಕಥೆ ಹಾಕಿದ್ದರೆ ಬಹಳಷ್ಟು ಪತ್ರಿಕೆಗಳು ಅದನ್ನು ಪ್ರಕಟಿತ ಎಂದೇ ಎಣಿಸುತ್ತವೆ, ಗುಂಪಿನ ಐದು ಜನಕ್ಕೂ ಹೇಳಿಬಿಡಿ.